ಓದುಗರ ಪ್ರಶ್ನೆ, ಬಲ್ಲವರ ಉತ್ತರ: ಕೊಲೋನ್ ಕ್ಯಾಥೆಡ್ರಲ್

ಜರ್ಮನಿಯಲ್ಲಿ ರೈನ್ ನದಿಯ ದಂಡೆಯ ಮೇಲಿರುವ ಕೊಲೋನ್ ಕ್ಯಾಥೆಡ್ರಲ್ ಬಗ್ಗೆ ಬಂದ ಪತ್ರಗಳಿಗೆ ಈ ಸಂಚಿಕೆಯ ಅಂಕಣ ಮೀಸಲು. ಒಂದೇ ವಿಷಯ ಕೇಳಿದ್ದ ಪತ್ರಗಳನ್ನು ಒಟ್ಟುಗೂಡಿಸಿದ್ದೇವೆ. ಉತ್ತರ ಬರೆದವರು ಹಳೆಯ ಕಲ್ಲುಕಟ್ಟಡಗಳ ಇತಿಹಾಸ ಮತ್ತು ದುರಸ್ತಿ ಬಲ್ಲವರು.

ಪ್ರಶ್ನೆ: ನಮ್ಮೂರಿನ ಸೇಂಟ್ ಫಿಲೋಮಿನಾ ಚರ್ಚು ಕೊಲೋನ್ ಕ್ಯಾಥೆಡ್ರಲ್‌ನ ಪಡಿಯಚ್ಚು ಎನ್ನುತ್ತಾರೆ. ಎಷ್ಟರಮಟ್ಟಿಗೆ ನಿಜ? (ಮೈಸೂರು)

ಮಾದರಿ ಎಂದರೆ ಸರಿ, ಪಡಿಯಚ್ಚು ಎಂದರೆ ತಪ್ಪು. ಮುಂಭಾಗದ ಎರಡು ಅವಳಿ ಗೋಪುರ, ಶಿಲುಬೆಯಾಕಾರದ ತಳವಿನ್ಯಾಸ, ಚೂಪುಗಮಾನು, ಬಣ್ಣದ ಗಾಜಿನ ಕಿಟಕಿ, ಇವೆಲ್ಲ ಕೊಲೋನ್ ನೆನಪಿಗೆ ತರುತ್ತವೆ. ಅಳತೆಯಲ್ಲಿ ಮಾತ್ರ ಅಜಗಜಾಂತರ. ಮೈಸೂರಿನ ಗೋಪುರ 175 ಅಡಿ, ಅಂದರೆ ಸುಮಾರು 53 ಮೀಟರ್. ಕೊಲೋನಿನ ಉತ್ತರ ಗೋಪುರ 157.38 ಮೀಟರ್, ದಕ್ಷಿಣದ್ದು 157.31 ಮೀಟರ್. ನಮ್ಮದು ಅದರ ಮೂರನೇ ಒಂದರಷ್ಟು. ಒಳಗೆ ನೆಲದಿಂದ ಕಮಾನುಚಾವಣಿಗೇ ಅಲ್ಲಿ 43.35 ಮೀಟರ್ ಇದೆ. ಕಟ್ಟಡದ ಉದ್ದ 144.58 ಮೀಟರ್.

ಇನ್ನೊಂದು ವ್ಯತ್ಯಾಸ ಕಾಲದ್ದು. ನಾಲ್ವಡಿ ಕೃಷ್ಣರಾಜ ಒಡೆಯರು ಮೈಸೂರಿನಲ್ಲಿ ಅಡಿಗಲ್ಲು ಹಾಕಿದ್ದು 1933ರಲ್ಲಿ. ಆ ಹೊತ್ತಿಗೆ ಸಿಮೆಂಟು, ಉಕ್ಕು ಎರಡೂ ಕೈಗೆ ಸಿಗುತ್ತಿದ್ದವು. ಕೊಲೋನಿನಲ್ಲಿ ಅಡಿಗಲ್ಲು ಬಿದ್ದದ್ದು 1248ರ ಆಗಸ್ಟ್ 15ರಂದು. ಅವರ ಕೈಯಲ್ಲಿದ್ದದ್ದು ಕಲ್ಲು, ಸುಣ್ಣದ ಗಾರೆ, ಮರ, ಒಂದಿಷ್ಟು ಕಬ್ಬಿಣ ಮತ್ತು ಸೀಸ.

ಪ್ರಶ್ನೆ: 632 ವರ್ಷ ಕಟ್ಟಿದರು ಎಂದು ಎಲ್ಲ ಕಡೆ ಬರೆದಿರುತ್ತಾರೆ. ಅಷ್ಟೂ ಕಾಲ ಕೆಲಸ ನಡೆಯುತ್ತಲೇ ಇತ್ತೇ? (ದಾವಣಗೆರೆ)

ಇಲ್ಲ. ಆ ಸಂಖ್ಯೆಯನ್ನು ಒಡೆದು ನೋಡಿದರೆ ಕಥೆ ಬೇರೆಯೇ ಆಗುತ್ತದೆ. 1248ರಿಂದ 1560ರವರೆಗೆ 312 ವರ್ಷ ಮೊದಲ ಕಂತು. 1560ರಿಂದ 1842ರವರೆಗೆ 282 ವರ್ಷ ಕೆಲಸ ನಿಂತಿತ್ತು. 1842ರಿಂದ 1880ರವರೆಗೆ 38 ವರ್ಷ ಎರಡನೇ ಕಂತು. ನಾವು ಇಂದು ಫೋಟೋದಲ್ಲಿ ನೋಡುವ ಗೋಪುರಗಳ ಮೇಲ್ಭಾಗವೆಲ್ಲ ಆ ಕೊನೆಯ 38 ವರ್ಷದ ದುಡಿಮೆ.

ಕಟ್ಟುವ ಆಸೆ ಹುಟ್ಟಿದ್ದು 1164ರಲ್ಲಿ. ಬಾಲಯೇಸುವನ್ನು ನೋಡಲು ಮೂಡಣದಿಂದ ಬಂದ ಮೂವರು ಜ್ಞಾನಿಗಳದು ಎಂದು ನಂಬಲಾದ ಅವಶೇಷಗಳನ್ನು ಆ ವರ್ಷ ಮಹಾಧರ್ಮಾಧ್ಯಕ್ಷ ರೈನಾಲ್ಡ್ ಫಾನ್ ದಾಸೆಲ್ ಮಿಲಾನ್ ನಗರದಿಂದ ಕೊಲೋನಿಗೆ ತಂದರು. ಯಾತ್ರಿಕರು ಸಾಲುಗಟ್ಟಿದರು, ಅಲ್ಲಿದ್ದ ಹಳೆಯ ಕ್ಯಾಥೆಡ್ರಲ್ ಸಾಲದಾಯಿತು. 1248ರ ಏಪ್ರಿಲ್ 30ರಂದು ಹಳೆಯ ಕಟ್ಟಡದ ಪೂರ್ವಭಾಗವನ್ನು ಕೆಡವಲು ಬೆಂಕಿ ಹಚ್ಚಿದಾಗ ಅದು ಹತೋಟಿ ತಪ್ಪಿ ಉಳಿದ ಭಾಗವನ್ನೂ ಸುಟ್ಟಿತು. ಮೂರೂವರೆ ತಿಂಗಳಲ್ಲಿ ಮಹಾಧರ್ಮಾಧ್ಯಕ್ಷ ಕೊನ್ರಾಡ್ ಫಾನ್ ಹೋಖ್‌ಸ್ಟಾಡೆನ್ ಹೊಸದಕ್ಕೆ ಅಡಿಗಲ್ಲು ಹಾಕಿದರು. ಮೊದಲ ಮುಖ್ಯ ಶಿಲ್ಪಿ ಮೇಸ್ತ್ರಿ ಗೆರ್ಹಾರ್ಡ್. 1220ರಲ್ಲಿ ಶುರುವಾಗಿದ್ದ ಫ್ರಾನ್ಸಿನ ಆಮಿಯೆನ್ ಕ್ಯಾಥೆಡ್ರಲ್ ಅವರ ಮುಂದಿದ್ದ ಮಾದರಿ.

ಪೂರ್ವದ ಬಲಿಪೀಠದ ಭಾಗ 1322ರಲ್ಲಿ ಪ್ರತಿಷ್ಠೆಯಾಯಿತು. ಪಶ್ಚಿಮಕ್ಕೆ ಒಂದು ತಾತ್ಕಾಲಿಕ ಗೋಡೆ ಎಬ್ಬಿಸಿ ಒಳಗೆ ಪೂಜೆ ಶುರು ಮಾಡಿದರು. ಆ ‘ತಾತ್ಕಾಲಿಕ’ ಗೋಡೆ ಬಿದ್ದದ್ದು 1863ರಲ್ಲಿ! ದಕ್ಷಿಣ ಗೋಪುರ 15ನೇ ಶತಮಾನದ ಆರಂಭದಲ್ಲಿ 60 ಮೀಟರಿನ ಹತ್ತಿರಕ್ಕೆ ಬಂದು ಅಲ್ಲೇ ನಿಂತಿತು. ಮೈಸೂರಿನ ಓದುಗರು ಗಮನಿಸಬೇಕು: ಆ ಮೊಂಡು ಗೋಪುರ ಹೆಚ್ಚುಕಡಿಮೆ ಸೇಂಟ್ ಫಿಲೋಮಿನಾ ಗೋಪುರದ ತುದಿಯಷ್ಟೇ ಎತ್ತರ. ಅದರ ನೆತ್ತಿಯ ಮೇಲೆ ಕಲ್ಲೆತ್ತುವ ಮರದ ಕ್ರೇನ್ ಒಂದು ನಾನೂರು ವರ್ಷಕ್ಕೂ ಹೆಚ್ಚು ಕಾಲ ನಿಂತೇ ಇತ್ತು. ಅದನ್ನು ಇಳಿಸಿದ್ದು 1868ರಲ್ಲಿ. ಅಲ್ಲಿಯವರೆಗೆ ಊರಿನ ಚಿತ್ರ ಬರೆದವರೆಲ್ಲ ಆ ಕ್ರೇನನ್ನೂ ಬರೆದರು, ಅದು ಊರಿನ ಗುರುತೇ ಆಗಿಬಿಟ್ಟಿತ್ತು.

ನಿಂತದ್ದೇಕೆ? ಹಣ ಬತ್ತಿತು, ಧರ್ಮಸುಧಾರಣೆಯ ಕಾಲದಲ್ಲಿ ಯಾತ್ರೆಯ ಹುರುಪು ತಗ್ಗಿತು, ಚೂಪುಗಮಾನಿನ ಈ ಗಾಥಿಕ್ ಶೈಲಿ ಹಳತು ಎನಿಸಿತು. 1560ರಲ್ಲಿ ಹಣ ಕೊಡುವುದನ್ನೇ ನಿಲ್ಲಿಸಿದರು. 1794ರಲ್ಲಿ ಬಂದ ಫ್ರೆಂಚ್ ಸೈನ್ಯ ಅದನ್ನು ದಾಸ್ತಾನು ಕೊಠಡಿಯಾಗಿ ಬಳಸಿತು.

ಮತ್ತೆ ಶುರುವಾಗಲು ಒಂದು ನಕ್ಷೆ ದೊಡ್ಡ ಕಾರಣ. ಸುಮಾರು 1280ರ ಹೊತ್ತಿಗೆ ಚರ್ಮದ ಹಾಳೆಗಳನ್ನು ಜೋಡಿಸಿ ಬರೆದ, ನಾಲ್ಕು ಮೀಟರಿಗೂ ಎತ್ತರದ ಪಶ್ಚಿಮ ಮುಖದ ನಕ್ಷೆ ಅದು. ಫ್ರೆಂಚ್ ಆಕ್ರಮಣದ ಗಲಾಟೆಯಲ್ಲಿ ಕಳೆದುಹೋಗಿತ್ತು. ಅರ್ಧ 1814ರಲ್ಲಿ ದಾರ್ಮ್‌ಸ್ಟಾಟ್ ಊರಿನಲ್ಲಿ, ಇನ್ನರ್ಧ 1816ರಲ್ಲಿ ಪ್ಯಾರಿಸ್‌ನಲ್ಲಿ ಸಿಕ್ಕಿತು. ಆ ನಕ್ಷೆಯಿಂದಾಗಿ 19ನೇ ಶತಮಾನದವರು ಪಶ್ಚಿಮ ಮುಖವನ್ನು ಊಹಿಸಿ ಕಟ್ಟಬೇಕಾಗಲಿಲ್ಲ, ಆರು ಶತಮಾನ ಹಿಂದಿನವರ ಗೆರೆ ಹಿಡಿದೇ ಕಟ್ಟಿದರು. ಈ ಕಟ್ಟಡದ ಬಗ್ಗೆ ನಮಗೆ ಅತ್ಯಂತ ಮೆಚ್ಚುಗೆಯಾಗುವ ಸಂಗತಿ ಇದು. 1842ರಲ್ಲಿ ನಾಗರಿಕರು ಕಟ್ಟಡ ಸಂಘ ಕಟ್ಟಿದರು, ಆಗ ಕೊಲೋನನ್ನು ಆಳುತ್ತಿದ್ದ ಪ್ರಶ್ಯಾದ ದೊರೆ 4ನೇ ಫ್ರೆಡರಿಕ್ ವಿಲಿಯಂ ಅದೇ ವರ್ಷ ಸೆಪ್ಟೆಂಬರ್ 4ರಂದು ಮತ್ತೊಮ್ಮೆ ಅಡಿಗಲ್ಲಿಟ್ಟರು. ಸಂಘ ವಂತಿಗೆ ಎತ್ತಿತು, ಲಾಟರಿ ನಡೆಸಿತು, ಸರ್ಕಾರವೂ ಕೊಟ್ಟಿತು. ಮೊದಲು ಅರ್ನ್ಸ್ಟ್ ಫ್ರೆಡ್ರಿಕ್ ತ್ಸ್ವಿರ್ನರ್, 1861ರ ನಂತರ ರಿಚರ್ಡ್ ಫೋಯ್‌ಗ್ಟೆಲ್ ಮುಂದೆ ನಿಂತು ಕಟ್ಟಿಸಿದರು. 1880ರ ಅಕ್ಟೋಬರ್ 15ರಂದು ಮುಕ್ತಾಯದ ಸಮಾರಂಭ. ಮುಂದೆ ನಾಲ್ಕು ವರ್ಷ, ವಾಷಿಂಗ್ಟನ್ ಸ್ಮಾರಕ ಏಳುವವರೆಗೆ, ಜಗತ್ತಿನ ಅತಿ ಎತ್ತರದ ಕಟ್ಟಡ ಇದೇ.

ಪ್ರಶ್ನೆ: ಸಿವಿಲ್ ಎಂಜಿನಿಯರಿಂಗ್ ಓದುತ್ತಿದ್ದೇನೆ. ಕಾಂಕ್ರೀಟು, ಸರಳು ಇಲ್ಲದೆ 43 ಮೀಟರ್ ಎತ್ತರದಲ್ಲಿ ಕಲ್ಲಿನ ಚಾವಣಿ ಹೇಗೆ ನಿಲ್ಲುತ್ತದೆ? ಕಟ್ಟುವ ಕ್ರಮ ತಿಳಿಸಿ. (ಹುಬ್ಬಳ್ಳಿ)

ಕಲ್ಲು ಒತ್ತಡ ತಡೆಯುತ್ತದೆ, ಎಳೆತ ತಡೆಯುವುದಿಲ್ಲ. ಆದ್ದರಿಂದ ಬಲ ಹರಿಯುವ ದಾರಿ ಎಲ್ಲೂ ಕಲ್ಲಿನ ಮೈಯಿಂದ ಹೊರಗೆ ಹೋಗದಂತೆ ನೋಡಿಕೊಳ್ಳುವುದೇ ಈ ವಿದ್ಯೆಯ ತಿರುಳು.

ಮೊದಲು ಚೂಪುಗಮಾನು. ಕಮಾನು ಭಾರವನ್ನು ಕೆಳಗೆ ಇಳಿಸುವುದರ ಜೊತೆಗೆ ಗೋಡೆಯನ್ನು ಹೊರಕ್ಕೂ ತಳ್ಳುತ್ತದೆ. ಒಂದೇ ಸಮನೆ ಭಾರವಿದ್ದಾಗ ಆ ತಳ್ಳುವ ಬಲವು, ಪ್ರತಿ ಮೀಟರಿನ ಭಾರವನ್ನು ಅಗಲದ ವರ್ಗದಿಂದ ಗುಣಿಸಿ, ಕಮಾನಿನ ಏರಿಕೆಯ ಎಂಟು ಪಟ್ಟಿನಿಂದ ಭಾಗಿಸಿದಷ್ಟು ಎಂದು ನೀವು ಓದಿರುತ್ತೀರಿ. 12 ಮೀಟರ್ ಅಗಲಕ್ಕೆ ಅರ್ಧವೃತ್ತದ ಕಮಾನಾದರೆ ಏರಿಕೆ 6 ಮೀಟರ್. ಅದನ್ನೇ ಚೂಪು ಮಾಡಿ 8 ಮೀಟರಿಗೆ ಏರಿಸಿದರೆ ತಳ್ಳುವ ಬಲ ಮುಕ್ಕಾಲಿಗೆ ಇಳಿಯುತ್ತದೆ. ಇದು ಅಂದಾಜಿನ ಲೆಕ್ಕ, ಆದರೆ ಲಾಭ ಎಲ್ಲಿದೆ ಎಂದು ತೋರಿಸಲು ಸಾಕು. ಎರಡನೇ ಲಾಭ ಜ್ಯಾಮಿತಿಯದು. ನಾಲ್ಕು ಕಂಬಗಳ ನಡುವಿನ ಆಯತಾಕಾರದ ಅಂಕಣದಲ್ಲಿ ಉದ್ದ, ಅಗಲ, ಕರ್ಣ ಮೂರೂ ಬೇರೆಬೇರೆ. ಅರ್ಧವೃತ್ತ ಹಾಕಿದರೆ ಮೂರರ ನೆತ್ತಿ ಮೂರು ಎತ್ತರದಲ್ಲಿ ನಿಲ್ಲುತ್ತದೆ. ಚೂಪುಗಮಾನಿನಲ್ಲಿ ತುದಿಯನ್ನು ಬೇಕಾದಷ್ಟು ಏರಿಸಿ ಮೂರನ್ನೂ ಒಂದೇ ಮಟ್ಟಕ್ಕೆ ತರಬಹುದು.

ಉಳಿದ ತಳ್ಳುವಿಕೆಯನ್ನು ಹಿಡಿಯುವುದು ಹೊರಗಿನ ಆನಿಕೆ ಕಮಾನು, ಎಂದರೆ ಫ್ಲೈಯಿಂಗ್ ಬಟ್ರೆಸ್. ಕೊಲೋನಿನಲ್ಲಿ ನಡುವಂಕಣದ ಎರಡೂ ಬದಿ ಎರಡೆರಡು ಪಕ್ಕದಂಕಣಗಳಿವೆ. ಅವುಗಳ ಮೇಲಿಂದ ಹಾರಿ ನೆಲ ಮುಟ್ಟಬೇಕಾದ್ದರಿಂದ ಆನಿಕೆ ಕಮಾನುಗಳು ಎರಡು ಜಿಗಿತದಲ್ಲಿ, ಎರಡು ಅಂತಸ್ತಿನಲ್ಲಿವೆ. ಕೆಳಗಿನದು ಚಾವಣಿಯ ತಳ್ಳುವಿಕೆಗೆ, ಮೇಲಿನದು ಎತ್ತರದ ಮಾಡಿಗೆ, ಎಂದರೆ ಚಾವಣಿಯ ಮೇಲಿನ ಇಳಿಜಾರು ಹೊದಿಕೆಗೆ, ಬಡಿಯುವ ಗಾಳಿಗೆ. ಆನಿಕೆ ಕಂಬದ ನೆತ್ತಿಯ ಮೇಲಿರುವ ಚೂಪು ಶಿಖರಗಳನ್ನು ಬರೀ ಅಲಂಕಾರ ಎಂದುಕೊಳ್ಳಬೇಡಿ. ಓರೆಯಾಗಿ ಬರುವ ಬಲದ ಮೇಲೆ ಅವು ತೂಕ ಹೇರಿ ಅದನ್ನು ಕೆಳಮುಖವಾಗಿ ಬಾಗಿಸುತ್ತವೆ.

ಇಂಥ ಚಾವಣಿ ಕಟ್ಟುವ ರೂಢಿಯ ಕ್ರಮ ಹೀಗೆ. ಗೋಡೆ, ಕಂಬ, ಆನಿಕೆ ಕಮಾನು ಮೊದಲು ಮುಗಿಯಬೇಕು. ಮೇಲೆ ಮಾಡು ಹೊದಿಸಿ ಮಳೆ ತಡೆದ ಮೇಲೆಯೇ ಅದರಡಿ ಕಮಾನುಚಾವಣಿಯ ಕೆಲಸ. ನಮ್ಮ ಕಡೆ ಸ್ಲ್ಯಾಬಿಗೆ ಸೆಂಟ್ರಿಂಗ್ ಕಟ್ಟುವ ಹಾಗೆಯೇ ಮರದ ಸೆಂಟ್ರಿಂಗ್ ನಿಲ್ಲಿಸಿ ಅಡ್ಡಗಮಾನು, ಆಮೇಲೆ ಕರ್ಣದ ಪಟ್ಟಿಗಮಾನು ಕೂರಿಸುತ್ತಾರೆ. ಕರ್ಣಗಳು ಕೂಡುವಲ್ಲಿ ಕೀಲುಗಲ್ಲು ಬೀಳುತ್ತದೆ. ಪಟ್ಟಿಗಳ ನಡುವಿನ ಜಾಗವನ್ನು ಹಗುರ ಕಲ್ಲಿನಿಂದ ಸಾಲುಸಾಲಾಗಿ, ಎರಡೂ ಬದಿಯಿಂದ ಸಮನಾಗಿ ತುಂಬುತ್ತಾ ಬರುತ್ತಾರೆ. ಕಮಾನು ಗೋಡೆ ಕೂಡುವ ಮೂಲೆಗೆ ಹಿಂಬದಿಯಿಂದ ಜಲ್ಲಿ-ಗಾರೆ ತುಂಬಿ ತೂಕ ಕೊಡುತ್ತಾರೆ. ಸುಣ್ಣದ ಗಾರೆ ಗಟ್ಟಿಯಾಗಲು ತಿಂಗಳುಗಳು ಬೇಕು. ಆಮೇಲೆ ಸೆಂಟ್ರಿಂಗನ್ನು ಒಮ್ಮೆಲೇ ಕಿತ್ತುಹಾಕದೆ, ಬೆಣೆ ಸಡಿಲಿಸುತ್ತ ಸ್ವಲ್ಪಸ್ವಲ್ಪವೇ ಇಳಿಸಬೇಕು.

ಎಡವುವುದು ಎಲ್ಲಿ? ಒಂದು ಬದಿ ಬೇಗ ತುಂಬಿದರೆ ಪಟ್ಟಿಗಮಾನು ಇನ್ನೊಂದು ಬದಿಗೆ ವಾಲುತ್ತದೆ. ಗಾರೆ ಹಸಿಯಿದ್ದಾಗಲೇ ಸೆಂಟ್ರಿಂಗ್ ತೆಗೆದರೆ ನೆತ್ತಿ ಕುಸಿಯುತ್ತದೆ. ಆನಿಕೆ ಕೂದಲೆಳೆಯಷ್ಟು ಹೊರಗೆ ಸರಿದರೂ ಕಮಾನು ಹೇಳಿಬಿಡುತ್ತದೆ: ನೆತ್ತಿಯ ಕೆಳಮೈಯಲ್ಲಿ ಬಿರುಕು, ಇಳಿಜಾರಿನ ಮೇಲ್ಮೈಯಲ್ಲಿ ಬಿರುಕು. ನಿಮ್ಮ ಸುತ್ತಲಿನ ಯಾವುದೇ ಹಳೆಯ ಕಮಾನಿನಲ್ಲಿ ಈ ಎರಡು ಗುರುತು ಕಂಡರೆ ದೋಷವನ್ನು ಕಮಾನಿನಲ್ಲಿ ಹುಡುಕಬೇಡಿ, ಬದಿಯ ಆಸರೆಯಲ್ಲಿ ಹುಡುಕಿ. ಫ್ರಾನ್ಸಿನ ಬೊವೆ ಊರಿನ ಕ್ಯಾಥೆಡ್ರಲ್‌ನಲ್ಲಿ ಚಾವಣಿಯನ್ನು 48 ಮೀಟರಿಗೆ ಏರಿಸಿದ್ದರು. 1284ರಲ್ಲಿ ಅದರ ಒಂದು ಭಾಗ ಕುಸಿಯಿತು. ಕೊಲೋನಿನವರು ಆಮಿಯೆನ್‌ಗಿಂತ ಒಂದೇ ಮೀಟರ್ ಮೇಲೆ ಹೋಗಿ ನಿಲ್ಲಿಸಿದರು, ಸುಮಾರು 15 ಮೀಟರ್ ಆಳದ ತಳಪಾಯವನ್ನೂ ಹಾಕಿದ್ದರು. ನಮ್ಮ ದೃಷ್ಟಿಯಲ್ಲಿ ಇದು ಅಂಜಿಕೆಯಲ್ಲ, ಒಳ್ಳೆಯ ಮೇಸ್ತ್ರಿಯ ಲಕ್ಷಣ.

ಪ್ರಶ್ನೆ: ಕಟ್ಟಡ ಅಷ್ಟೊಂದು ಕಪ್ಪಗಿದೆಯಲ್ಲ, ನೀರು ಹೊಡೆದು ತೊಳೆಯಬಾರದೇ? (ಶಿವಮೊಗ್ಗ)

ಅನೇಕರು ಇದನ್ನು ಯುದ್ಧದ ಹೊಗೆ ಎಂದುಕೊಂಡಿದ್ದಾರೆ. ಹೊಗೆ ಹೌದು, ಆದರೆ ಕಲ್ಲಿದ್ದಲಿನದು: ಕಾರ್ಖಾನೆಗಳದು, ಮನೆ ಒಲೆಗಳದು, ಮಗ್ಗುಲಲ್ಲೇ ಇರುವ ರೈಲು ನಿಲ್ದಾಣದ ಉಗಿಬಂಡಿಗಳದು. ಅದರಲ್ಲಿನ ಗಂಧಕ ಮಳೆನೀರಿನಲ್ಲಿ ಸೇರಿ ಆಮ್ಲವಾಗುತ್ತದೆ. ಕಲ್ಲಿನಲ್ಲಿ ಸುಣ್ಣದ ಅಂಶವಿದ್ದರೆ ಅದು ಜಿಪ್ಸಂ ಆಗಿ ಮಾರ್ಪಡುತ್ತದೆ. ಜಿಪ್ಸಂ ಹೆಚ್ಚು ಜಾಗ ಬೇಡುವುದರಿಂದ ಕಲ್ಲಿನ ಮೈ ಉಬ್ಬಿ, ಪದರ ಎದ್ದು, ಕೊನೆಗೆ ಪುಡಿಯಾಗಿ ಉದುರುತ್ತದೆ. ಜಿಪ್ಸಂ ಪದರದಲ್ಲಿ ಸಿಕ್ಕಿಬಿದ್ದ ಮಸಿಯೇ ನಿಮಗೆ ಕಾಣುವ ಕಪ್ಪು.

ಎಲ್ಲ ಕಲ್ಲೂ ಒಂದೇ ರೀತಿ ಕೆಡುವುದಿಲ್ಲ. ಮಧ್ಯಯುಗದ ಭಾಗವೆಲ್ಲ ರೈನ್ ನದಿಯ ಮೇಲ್ದಂಡೆಯ ದ್ರಾಖೆನ್‌ಫೆಲ್ಸ್ ಬೆಟ್ಟದ ಟ್ರಾಕೈಟ್. ಇದು ಜ್ವಾಲಾಮುಖಿ ಕಲ್ಲು, ದೋಣಿಯಲ್ಲಿ ಹೊಳೆಗುಂಟ ತರುತ್ತಿದ್ದರು. ಹತ್ತಿರ ನಿಂತು ನೋಡಿದರೆ ಬೂದು ಮೈಯಲ್ಲಿ ಬೆರಳುಗುರಿನಷ್ಟು, ಕೆಲವು ಕಡೆ ಇನ್ನೂ ದೊಡ್ಡ, ಹೊಳೆಯುವ ಹರಳುಗಳು ಕಾಣುತ್ತವೆ. ಕಾಲಾಂತರದಲ್ಲಿ ಆ ಹರಳಿನ ಸುತ್ತ ಸಂದು ಬಿಟ್ಟು, ಹರಳು ಉದುರಿ, ಗುಳಿ ಬೀಳುತ್ತದೆ. 1836ರಲ್ಲಿ ಬೆಟ್ಟದ ಮೇಲಿನ ಪಾಳುಕೋಟೆ ಉಳಿಸಲೆಂದು ಪ್ರಶ್ಯಾ ಸರ್ಕಾರ ಕಲ್ಲುಗಣಿಯನ್ನೇ ಕೊಂಡು ಮುಚ್ಚಿಸಿತು. ಹಾಗಾಗಿ 19ನೇ ಶತಮಾನದವರು ಬೇರೆ ಕಡೆಯ ಕಲ್ಲು ಹುಡುಕಬೇಕಾಯಿತು. ಅವರು ತಂದ ಶ್ಲೈಟ್‌ಡೋರ್ಫ್ ಮರಳುಗಲ್ಲಿನಲ್ಲಿ ಮರಳನ್ನು ಹಿಡಿದಿಡುವ ಅಂಟು ಸುಣ್ಣದ್ದು. ಆಮ್ಲಮಳೆಗೆ ಅದೇ ಮೊದಲ ಬಲಿ. ಓಬರ್ನ್‌ಕಿರ್ಖೆನ್ ಮರಳುಗಲ್ಲಿನಲ್ಲಿ ಅಂಟು ಸಿಲಿಕಾ. ಅದೂ ಕಪ್ಪಾಗಿದೆ, ಆದರೆ ಉಳಿಯ ಗುರುತು ಇನ್ನೂ ಚೂಪಾಗಿದೆ. 600 ವರ್ಷದ ಹಳೆಯ ಭಾಗಕ್ಕಿಂತ 150 ವರ್ಷದ ಹೊಸ ಭಾಗದ ಕೆಲವು ಕಡೆ ಹೆಚ್ಚು ಹಾಳಾಗಿರುವುದಕ್ಕೆ ಇದೇ ಕಾರಣ. ನೋಡಲು ಒಂದೇ ಬಣ್ಣದ ಎರಡು ಕಲ್ಲಿನಲ್ಲಿ ಯಾವುದು ಬಾಳುತ್ತದೆ ಎಂದು ಬಣ್ಣ ಹೇಳುವುದಿಲ್ಲ, ಒಳಗಿನ ಅಂಟು ಹೇಳುತ್ತದೆ.

ಈಗ ತೊಳೆಯುವ ಮಾತು. ಕಪ್ಪು ಪದರ ಸಡಿಲ ಕಲ್ಲಿಗೆ ಅಂಟಿರುವಲ್ಲಿ ಪಂಪಿನಿಂದ ನೀರು ಹೊಡೆದರೆ ಮಸಿಯ ಜೊತೆ ಕೆತ್ತನೆಯೂ ಹೋಗುತ್ತದೆ. ನೀರು ಒಳಗಿಳಿದು ಲವಣವನ್ನು ಕರಗಿಸಿ ಹೊರಗೆ ತಂದರೆ ಹೊಸ ಪದರ ಏಳುತ್ತದೆ, ಚಳಿಗಾಲದಲ್ಲಿ ಅದೇ ನೀರು ಹೆಪ್ಪುಗಟ್ಟಿ ಕಲ್ಲು ಸೀಳುತ್ತದೆ. ಆದ್ದರಿಂದ ಇಡೀ ಕಟ್ಟಡ ತೊಳೆಯುವ ಗೋಜಿಗೆ ಹೋಗದಿರುವುದೇ ಸರಿ. ತೀರಾ ಕೆಟ್ಟ ಕಲ್ಲನ್ನು ಮಾತ್ರ ಅಳತೆ ತೆಗೆದು, ಅಚ್ಚು ಮಾಡಿ, ಹೊಸ ಕಲ್ಲಿನಲ್ಲಿ ಕೆತ್ತಿ ಕೂರಿಸುತ್ತಾರೆ. ಶ್ಲೈಟ್‌ಡೋರ್ಫ್ ಬದಲಿಗೆ ಜೆಕ್ ದೇಶದ ಬೊಜಾನೊವ್ ಮರಳುಗಲ್ಲು, ದ್ರಾಖೆನ್‌ಫೆಲ್ಸ್ ಬದಲಿಗೆ ಇಟಲಿಯ ಮೊಂಟೆಮೆರ್ಲೊ ಟ್ರಾಕೈಟ್ ಬಳಸಿದ್ದಾರೆ.

ಕಲ್ಲಿನಷ್ಟೇ ಕಾಟ ಕೊಡುವುದು ಒಳಗಿನ ಕಬ್ಬಿಣ. ಕಲ್ಲುಗಳನ್ನು ಬೆಸೆಯಲು ಕಬ್ಬಿಣದ ಗೂಟ, ಕೊಂಡಿ ಇಟ್ಟು ಸುತ್ತ ಕಾದ ಸೀಸ ಹೊಯ್ಯುತ್ತಿದ್ದರು. ಸೀಸ ತುಂಬಿದ್ದರೆ ನೀರು ತಾಗದು. ಎಲ್ಲಾದರೂ ಪೊಳ್ಳು ಉಳಿದರೆ ಕಬ್ಬಿಣ ತುಕ್ಕು ಹಿಡಿದು, ಹಲವು ಪಟ್ಟು ಉಬ್ಬಿ, ಕಲ್ಲನ್ನು ಒಳಗಿನಿಂದಲೇ ಒಡೆಯುತ್ತದೆ. ಈಗ ಸ್ಟೇನ್‌ಲೆಸ್ ಸ್ಟೀಲ್ ಹಾಕುತ್ತಾರೆ. ಹಳೆಯ ದೇವಸ್ಥಾನಗಳ ದುರಸ್ತಿಯಲ್ಲಿ ಸಾಮಾನ್ಯ ಕಬ್ಬಿಣದ ಸರಳು ತೂರಿಸುವ ನಮ್ಮವರೂ ಇದನ್ನು ದಯವಿಟ್ಟು ಮನಸ್ಸಿಗೆ ತಂದುಕೊಳ್ಳಬೇಕು.

ಪ್ರಶ್ನೆ: ಎರಡನೇ ಮಹಾಯುದ್ಧದಲ್ಲಿ ಊರೆಲ್ಲ ನೆಲಸಮವಾದರೂ ಇದೊಂದೇ ಹೇಗೆ ಉಳಿಯಿತು? (ಮಂಗಳೂರು)

ಪೆಟ್ಟು ಬೀಳದೆ ಉಳಿದದ್ದಲ್ಲ. 14 ಭಾರೀ ಬಾಂಬುಗಳು ಬಿದ್ದವು, ಬೆಂಕಿ ಬಾಂಬುಗಳ ಲೆಕ್ಕ ಬೇರೆ. ಚಾವಣಿಯ ಹಲವು ಅಂಕಣ ಕುಸಿದವು. ಆದರೂ ನಿಂತದ್ದಕ್ಕೆ ರಚನೆಯಲ್ಲೇ ಕಾರಣವಿದೆ. ಭಾರವೆಲ್ಲ ಕಂಬ ಮತ್ತು ಆನಿಕೆಗಳಲ್ಲಿ ಇಳಿಯುತ್ತದೆ, ನಡುವಿರುವುದು ಗಾಜು. ಸ್ಫೋಟದ ಒತ್ತಡ ಕಿಟಕಿಗಳಿಂದ ಹಾದುಹೋಯಿತು. ಬೆಲೆಬಾಳುವ ಹಳೆಯ ಗಾಜನ್ನು ಮೊದಲೇ ಬಿಚ್ಚಿ ಜೋಪಾನ ಮಾಡಿದ್ದರು.

ಇನ್ನೊಂದು ಕಾರಣ ಮಾಡು. 1860ರ ಸುಮಾರಿಗೆ ಮಾಡಿನ ಹಂದರವನ್ನು ಮರದ ಬದಲು ಕಬ್ಬಿಣದಲ್ಲಿ ಮಾಡಿ, ಮೇಲೆ ಸೀಸದ ತಗಡು ಹೊದಿಸಿದ್ದರು. ಐಫೆಲ್ ಗೋಪುರಕ್ಕಿಂತ ಸುಮಾರು ಮೂವತ್ತು ವರ್ಷ ಮೊದಲಿನ ಕೆಲಸ ಅದು. ಉರಿಯಲು ಮರವೇ ಇರಲಿಲ್ಲ. 2019ರ ಏಪ್ರಿಲ್ 15ರಂದು ಪ್ಯಾರಿಸ್ಸಿನ ನೋತ್ರ್ ದಾಮ್ ಮಾಡು ಸುಟ್ಟಿತಲ್ಲ, ಅದು ಓಕ್ ಮರದ್ದು.

ತೀರಾ ಅಪಾಯದ ಪೆಟ್ಟು 1943ರ ನವೆಂಬರಿನದು. ಉತ್ತರ ಗೋಪುರದ ಮೂಲೆಯ ಆನಿಕೆಯಲ್ಲಿ ದೊಡ್ಡ ಬಾಯಿ ತೆರೆಯಿತು. ಕೈಗೆ ಸಿಕ್ಕ ಇಟ್ಟಿಗೆ ತಂದು ತುರ್ತಾಗಿ ತುಂಬಿಸಿದರು. ಹಲ್ಲಿನ ಹುಳುಕಿಗೆ ಸಿಮೆಂಟ್ ತುಂಬಿದ ಹಾಗೆ ಕಾಣುತ್ತಿದ್ದ ಆ ಕೆಂಪು ತೇಪೆ ಹಲವು ದಶಕ ಹಾಗೇ ಇತ್ತು, 2005ರ ಹೊತ್ತಿಗೆ ಕಲ್ಲಿನ ಹೊದಿಕೆ ಸಿಕ್ಕಿತು. ಪೂರ್ವಭಾಗವನ್ನು 1948ರಲ್ಲಿ, ಅಡಿಗಲ್ಲಿನ 700ನೇ ವರ್ಷಕ್ಕೆ, ಮತ್ತೆ ತೆರೆದರು. ಪೂರ್ತಿ ತೆರೆದದ್ದು 1956ರಲ್ಲಿ.

ಪ್ರಶ್ನೆ: ಜರ್ಮನಿಯಲ್ಲಿ ಕೆಲಸಕ್ಕಿದ್ದೇವೆ. ಊರಿನಿಂದ ಅಪ್ಪ ಅಮ್ಮ ಬರುತ್ತಿದ್ದಾರೆ, ಅರ್ಧ ದಿನವಿದೆ. ಏನು ನೋಡಬೇಕು, ಗೋಪುರ ಹತ್ತಬಹುದೇ? (ಡ್ಯೂಸೆಲ್‌ಡಾರ್ಫ್)

ದಾರಿ ಸುಲಭ, ಕೊಲೋನ್ ಮುಖ್ಯ ರೈಲು ನಿಲ್ದಾಣದಿಂದ ಹೊರಬಂದರೆ ಎದುರಿಗೇ ಇದೆ. ಗೋಪುರದ ಮಾತು ಬೇರೆ: ದಕ್ಷಿಣ ಗೋಪುರಕ್ಕೆ 533 ಮೆಟ್ಟಿಲು, ಲಿಫ್ಟ್ ಇಲ್ಲ. ಸುರುಳಿ ಮೆಟ್ಟಿಲು ಕಿರಿದು, ಹತ್ತುವವರೂ ಇಳಿಯುವವರೂ ಅದರಲ್ಲೇ ಒತ್ತರಿಸಿಕೊಂಡು ಹೋಗಬೇಕು. ಮಂಡಿನೋವು, ಉಬ್ಬಸ, ತಲೆಸುತ್ತು ಇರುವ ಹಿರಿಯರನ್ನು ಹತ್ತಿಸಬೇಡಿ. ನೀವು ಹತ್ತುವುದಾದರೆ ಮಧ್ಯದಲ್ಲಿ ಗಂಟೆಗಳ ಕೋಣೆಯಲ್ಲಿ ಒಂದು ವಿರಾಮ ಕೊಡಿ. ಅಲ್ಲಿರುವ ದೊಡ್ಡ ಗಂಟೆ 1923ರದು, 24 ಟನ್, ಬಾಯಿಯ ಅಗಲ 3.22 ಮೀಟರ್. ಊರವರು ಅದನ್ನು ‘ದಪ್ಪ ಪೀಟರ್’ ಎಂದೇ ಕರೆಯುತ್ತಾರೆ. ದೊಡ್ಡ ಹಬ್ಬಗಳಿಗಷ್ಟೇ ಬಾರಿಸುತ್ತಾರೆ. 2011ರ ಜನವರಿ 6ರಂದು, ಆ ಮೂವರು ಜ್ಞಾನಿಗಳ ಹಬ್ಬದ ದಿನವೇ, ಬಾರಿಸುತ್ತಿದ್ದಾಗ ಅದರ ನಾಲಗೆ ಮುರಿದು ಬಿತ್ತು. ಆಮೇಲೆ ಹಾಕಿದ ನಾಲಗೆಯನ್ನು ಹಗುರ ಮಾಡಿದರು.

ಅಪ್ಪ ಅಮ್ಮನನ್ನು ಕರೆದುಕೊಂಡು ಮೊದಲು ಹೊರಗೆ ಪಶ್ಚಿಮದ ಅಂಗಳದಲ್ಲಿರುವ ಕಾಂಕ್ರೀಟಿನ ದೊಡ್ಡ ಹೂವಿನ ಪಕ್ಕ ನಿಲ್ಲಿ. ಗೋಪುರದ ತುತ್ತತುದಿಯಲ್ಲಿರುವ ಹೂವಿನ ನಿಜ ಅಳತೆಯ ಪ್ರತಿ ಅದು: ಎತ್ತರ 9.5 ಮೀಟರ್, ಅಗಲ 4.6 ಮೀಟರ್. ಮೂರಂತಸ್ತಿನ ಮನೆಯಷ್ಟಿರುವ ಅದನ್ನು ನೋಡಿ ಆಮೇಲೆ ತಲೆಯೆತ್ತಿ ಮೇಲಿನದನ್ನು ನೋಡಿದರೆ, ಅಲ್ಲಿ ಅದು ಮೊಗ್ಗಿನಷ್ಟು ಕಾಣುತ್ತದೆ. ಎತ್ತರವನ್ನು ಮನಗಾಣಲು ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ, ಮೆಟ್ಟಿಲೂ ಬೇಡ. ದುರ್ಬೀನು ಇದ್ದರೆ ತನ್ನಿ.

ಒಳಗೆ ಬಿಸಿಲಿರುವ ಮಧ್ಯಾಹ್ನ ಹೋಗಿ, ದಕ್ಷಿಣದ ದೊಡ್ಡ ಕಿಟಕಿ ಆಗ ಬೆಳಗುತ್ತದೆ. ಕಲಾವಿದ ಗೆರ್ಹಾರ್ಡ್ ರಿಕ್ಟರ್ 2007ರಲ್ಲಿ ಮಾಡಿದ್ದು, 72 ಬಣ್ಣಗಳ 11 ಸಾವಿರಕ್ಕೂ ಹೆಚ್ಚು ಚೌಕ ಗಾಜುಗಳು. ನೆಲದ ಮೇಲೆ ಚೆಲ್ಲುವ ಬಣ್ಣವನ್ನು ಕುಳಿತು ನೋಡಲು ಬೆಂಚುಗಳಿವೆ. ಮುಂದೆ ಉತ್ತರ ಬದಿಯಲ್ಲಿ 10ನೇ ಶತಮಾನದ ಓಕ್ ಮರದ ಗೆರೋ ಶಿಲುಬೆ ಇದೆ. ಬಲಿಪೀಠದ ಹಿಂದೆ ಗಾಜಿನೊಳಗೆ ಮೂವರು ಜ್ಞಾನಿಗಳ ಚಿನ್ನದ ಪೆಟ್ಟಿಗೆ, 2.2 ಮೀಟರ್ ಉದ್ದ, ಸುಮಾರು 1.5 ಮೀಟರ್ ಎತ್ತರ, ಒಂದು ಪುಟ್ಟ ಚರ್ಚಿನದೇ ಆಕಾರ. ಸುತ್ತುದಾರಿಯ ಕಿರು ಪೂಜಾಮಂದಿರವೊಂದರಲ್ಲಿ ನಾವು ಮೇಲೆ ಹೇಳಿದ ಚರ್ಮದ ನಕ್ಷೆಯನ್ನು ಬೆಳಕು ತಾಗದಂತೆ ಪರದೆಯ ಹಿಂದೆ ಇಟ್ಟಿದ್ದಾರೆ.

ಪೂಜೆಯ ಹೊತ್ತಿನಲ್ಲಿ ಪ್ರವಾಸಿಗರಿಗೆ ಒಳಗೆ ಓಡಾಡಲು ಬಿಡುವುದಿಲ್ಲ, ಆ ದಿನದ ವೇಳಾಪಟ್ಟಿ ನೋಡಿಕೊಂಡು ಹೊರಡಿ. ಟೋಪಿ ತೆಗೆದು ಒಳಗೆ ಹೋಗಬೇಕು. ಬೇಸಿಗೆಯಲ್ಲೂ ಒಳಗೆ ತಣ್ಣಗಿರುತ್ತದೆ, ಅಮ್ಮನಿಗೆ ಒಂದು ಶಾಲು ಇರಲಿ. ಪಶ್ಚಿಮ ಮುಖದ ಮೇಲೆ ಬಿಸಿಲು ಬೀಳುವುದು ಇಳಿಹೊತ್ತಿಗೆ. ಫೋಟೋವನ್ನು ಆಗ ತೆಗೆಯಿರಿ, ಕಪ್ಪು ಕಲ್ಲಿನ ನಡುವೆ ಹೊಸದಾಗಿ ಕೂರಿಸಿದ ತಿಳಿಬಣ್ಣದ ಕಲ್ಲುಗಳು ಎಲ್ಲೆಲ್ಲಿವೆ ಎಂಬುದೂ ಆ ಬೆಳಕಿನಲ್ಲಿ ಚೆನ್ನಾಗಿ ತಿಳಿಯುತ್ತದೆ.